ಅಜ್ಜನ ಜಾವಾ ಕುಡಿಯುತ್ತಿದ್ದ ಗೇರ್ ಆಯಿಲ್

ಜೂನ್ 8, 2025

ಹತ್ತೊಂಬತ್ತು ವರ್ಷದ ನಂತರ ಅಜ್ಜನ ಜಾವಾ ಬೈಕು ಕೊಟ್ಟಿಗೆಯಿಂದ ಹೊರಗೆ ಬಂತು. ಮೇಲೆ ಹಳೇ ಕಂಬಳಿ, ಕಂಬಳಿಯ ಮೇಲೆ ಖಾಲಿ ಗೋಣಿಚೀಲ, ಚೀಲದ ಮೇಲೆ ಮನೆಯ ಬೆಕ್ಕು. ಬೆಕ್ಕನ್ನು ಎಬ್ಬಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಈ ಗಾಡಿ ಬಂದದ್ದು 1968ರಲ್ಲಿ. ಆ ವರ್ಷದ ಅಡಿಕೆ ದುಡ್ಡಿನಲ್ಲಿ ಅಜ್ಜ ತಂದಿದ್ದಂತೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿ ಆಗ ಏಳು ವರ್ಷ. ವಿನ್ಯಾಸ ಜೆಕೊಸ್ಲೊವಾಕಿಯಾದ್ದು, ಕೈ ನಮ್ಮವರದ್ದು. 1973ರಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಯೇ ನಿಂತಿತು. ನಮ್ಮ ಗಾಡಿಯ ನಂಬರ್ ಇನ್ನೂ ‘ಎಂವೈ’ ಅಂತಲೇ ಶುರುವಾಗುತ್ತದೆ. ಮೈಸೂರು ರಾಜ್ಯದ ಕಾಲದ್ದು ಅಲ್ವಾ!

ಇವತ್ತು ಮಾಡಿದ್ದು ಇಷ್ಟೇ: ತೊಳೆದೆ, ನೋಡಿದೆ, ನಿಟ್ಟುಸಿರು ಬಿಟ್ಟೆ. ಬಲಗಡೆ ಸೈಲೆನ್ಸರಿನ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿದೆ. ಸೀಟಿನ ಸ್ಪಂಜು ಇಲಿಗಳ ಪಾಲಾಗಿದೆ. ಪಿಸ್ಟನ್ ಕಚ್ಚಿಕೊಂಡಿದೆ. ಪ್ಲಗ್ ತೂತಿನಿಂದ ಡೀಸೆಲ್ ಬಿಟ್ಟಿದ್ದೇನೆ. ಮೂರು ದಿನ ಹಾಗೇ ಇರಲಿ.

ಈ ವರ್ಷ ಮಳೆ ಮೇ ಕೊನೆಗೇ ಹಿಡಿದುಬಿಟ್ಟಿತು. ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಅಷ್ಟರೊಳಗೆ ಇದು ಒಮ್ಮೆಯಾದರೂ ಉಸಿರಾಡಬೇಕು ಅಂತ ಆಸೆ.

ಜೂನ್ 22

ಪಿಸ್ಟನ್ ಬಿಟ್ಟಿತು. ಮೂರು ದಿನವಲ್ಲ, ಆರು ದಿನ ಬೇಕಾಯಿತು. ಮೇಲಿನ ಗೇರಿಗೆ ಹಾಕಿ, ಗಾಡಿಯನ್ನು ಹಿಂದೆ ಮುಂದೆ ತಳ್ಳುತ್ತಾ ಇದ್ದಾಗ ಒಂದು ಸಲ ‘ಟಕ್’ ಅಂತು. ಹೆಡ್ ಬಿಚ್ಚಿ ನೋಡಿದರೆ ಪಿಸ್ಟನ್ ತಲೆಯ ಮೇಲೆ 0.50 ಎಂಬ ಅಚ್ಚು. ಅಂದರೆ ಅಜ್ಜ ಯಾವಾಗಲೋ ಸಿಲಿಂಡರ್ ಕೊರೆಸಿ ದೊಡ್ಡದು ಮಾಡಿಸಿ, ದಪ್ಪ ಪಿಸ್ಟನ್ ಹಾಕಿಸಿದ್ದಾರೆ. ಮೂಲ ಅಳತೆ 65 ಮಿ.ಮೀ., ಈಗ ಅರ್ಧ ಮಿ.ಮೀ. ದಪ್ಪ. ಸಿಲಿಂಡರಿನ ಗೋಡೆಯಲ್ಲಿ ಗೀರು ಇಲ್ಲ. ಸದ್ಯ!

ಟ್ಯಾಂಕಿನ ತುಕ್ಕಿಗೆ ಆ್ಯಸಿಡ್ ತರಲು ಹೊರಟಿದ್ದೆ. ಅಮ್ಮ ತಡೆದಳು. ‘ದೇವರ ದೀಪ ತಿಕ್ಕೋಕೆ ಆಗೋ ಹುಣಸೆಹಣ್ಣು ನಿನ್ನ ಡಬ್ಬಕ್ಕೆ ಆಗಲ್ವಾ?’ ಹಳೇ ಹುಣಸೆಹಣ್ಣು ಒಂದು ಕೆಜಿ ಬಿಸಿನೀರಲ್ಲಿ ಕಿವುಚಿ, ಸೋಸಿ, ಟ್ಯಾಂಕಿಗೆ ಸುರಿದೆ. ಜೊತೆಗೆ ಒಂದು ಹಿಡಿ ನಟ್ಟು. ದಿನಕ್ಕೆ ನಾಲ್ಕು ಸಲ ಕುಲುಕುವುದು. ಐದನೇ ದಿನ ಕಾಫಿ ಡಿಕಾಕ್ಷನ್ ಬಣ್ಣದ ನೀರು ಇಳಿಯಿತು. ಒಳಗೆ ಬೆಳ್ಳಗಿನ ತಗಡು ಕಂಡಿತು.

ಆದರೆ ಮಲೆನಾಡಿನ ಜೂನ್ ತಿಂಗಳಲ್ಲಿ ಬರೀ ತಗಡು ಒಂದು ರಾತ್ರಿ ನಿಲ್ಲುವುದಿಲ್ಲ. ಸೋಡಾಪುಡಿ ನೀರಲ್ಲಿ ತೊಳೆದು ಬೆಳಗ್ಗೆ ನೋಡೋಣ ಅಂತ ಮಲಗಿದೆ. ಬೆಳಗ್ಗೆ ಒಳಗೆಲ್ಲ ಅರಿಶಿನ ಬಳಿದ ಹಾಗೆ ಹೊಸ ತುಕ್ಕು! ಮತ್ತೆ ಹುಣಸೆಹಣ್ಣು. ಎರಡನೇ ಸಲ ತೊಳೆದ ಕೂಡಲೇ ಅಡಿಕೆ ಒಣಗಿಸುವ ಡ್ರೈಯರ್ ಪಕ್ಕ ಇಟ್ಟು ಒಣಗಿಸಿ, ಬಿಸಿ ಆರುವ ಮೊದಲೇ ಟೂ ಸ್ಟ್ರೋಕ್ ಆಯಿಲ್ ಸುರಿದು ಉರುಳಿಸಿದೆ. ಈಗ ನಿಂತಿದೆ.

ಸೈಲೆನ್ಸರಿನ ಒಳಗೆ ಸದ್ದು ಅಡಗಿಸುವ ಕೊಳವೆಗಳನ್ನು, ಅಂದರೆ ಬ್ಯಾಫಲ್‌ಗಳನ್ನು, ಬಚ್ಚಲ ಒಲೆಗೆ ಹಾಕಿದೆ. ಹಂಡೆ ನೀರು ಕಾಯುವಷ್ಟರಲ್ಲಿ ಎಷ್ಟೋ ವರ್ಷದ ಮಸಿ ಸುಟ್ಟು ಬೂದಿಯಾಯಿತು. ಟೂ ಸ್ಟ್ರೋಕ್‌ನಲ್ಲಿ ಆಯಿಲೂ ಪೆಟ್ರೋಲ್ ಜೊತೆ ಉರಿಯುತ್ತದೆ, ಮಸಿ ಕಟ್ಟುತ್ತದೆ, ಗಾಡಿ ಉಬ್ಬಸ ಬಂದವರ ಹಾಗೆ ಎಳೆಯುತ್ತದೆ. ಬಹಳ ಜನ ಕಾರ್ಬೊರೇಟರ್ ಮೇಲೆ ಅನುಮಾನ ಪಡುತ್ತಾರೆ, ಮೊದಲು ಬ್ಯಾಫಲ್ ನೋಡಬೇಕು. ಆ ದಿನ ಸ್ನಾನದ ನೀರಿಗೆಲ್ಲ ಗ್ಯಾರೇಜ್ ವಾಸನೆ ಅಂತ ಅಪ್ಪನ ದೂರು.

ಕಾರ್ಬೊರೇಟರ್ ಹೆಸರು ಜಿಕೋವ್. ಅದರೊಳಗೆ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ಹಿತ್ತಾಳೆ ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕುವ ಸದ್ದು. ತೂತಾಗಿದೆ. ಎಲ್ಲಿ ಅಂತ ಕಣ್ಣಿಗೆ ಕಾಣುವುದಿಲ್ಲ. ಬಿಸಿನೀರಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಹಿಗ್ಗಿ ತೂತಿನಿಂದ ಗುಳ್ಳೆ ಬರುತ್ತದೆ. ಅಲ್ಲಿ ಗುರುತು ಮಾಡಿ, ಒಳಗಿನ ಪೆಟ್ರೋಲ್ ಪೂರ್ತಿ ಆರಿದ ಮೇಲೆ ಒಂದು ಹನಿ ಬೆಸುಗೆ. ಜಾಸ್ತಿ ಹಾಕಿದರೆ ತೂಕ ಹೆಚ್ಚಿ ಫ್ಲೋಟ್ ತೇಲುವ ಮಟ್ಟವೇ ತಪ್ಪುತ್ತದೆ.

ಜುಲೈ 13

ಹೊತ್ತಿತು!

ಬೆಳಗ್ಗೆ ಪೂರ್ತಿ ಪಾಯಿಂಟ್ ಜೊತೆ, ಅಂದರೆ ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚಿನ ಜೊತೆ, ಗುದ್ದಾಡಿದೆ. ಗ್ಯಾಪ್ 0.4 ಮಿ.ಮೀ. ಇಟ್ಟು, ಪಾಯಿಂಟ್ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಮೆಲ್ಲಗೆ ಎಂಜಿನ್ ತಿರುಗಿಸಿದೆ. ಕಾಗದ ಸಡಿಲವಾಗಿ ಜಾರಿದ ಕ್ಷಣವೇ ಪಾಯಿಂಟ್ ತೆರೆಯುವ ಕ್ಷಣ, ಕಿಡಿ ಹಾರುವ ಕ್ಷಣ. ಮೀಟರ್ ಇಲ್ಲದ ಕಾಲದವರ ಉಪಾಯ. ಆರು ವೋಲ್ಟಿನ ಡೈನಮೋ ಗಾಡಿಗೆ ಈಗಲೂ ಇದೇ ಸಾಕು.

ಜಾವಾ ಓಡಿಸದವರಿಗೆ ಒಂದು ಮಾತು. ಇದರಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇಲ್ಲ. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ಎತ್ತಿದರೆ ಅದೇ ಕಿಕ್ಕರ್. ಹೊತ್ತಿದ ಮೇಲೆ ಮತ್ತೆ ಮುಂದಕ್ಕೆ ಬಂದು ಗೇರಾಗುತ್ತದೆ. ಇನ್ನೊಂದು ಸೋಜಿಗ, ಗೇರ್ ಬದಲಿಸಲು ಕ್ಲಚ್ ಹಿಡಿಯಲೇಬೇಕು ಅಂತಿಲ್ಲ. ಕಾಲು ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡುತ್ತದೆ. ಅಜ್ಜ ಒಂದು ಕೈಯಲ್ಲಿ ಕೊಡೆ ಹಿಡಿದು ಪೇಟೆಗೆ ಹೋಗುತ್ತಿದ್ದರು ಅಂತ ಮನೆಯಲ್ಲಿ ಹೇಳುತ್ತಾರೆ. ಸುಮ್ನೆ ಕಥೆ ಅಂದುಕೊಂಡಿದ್ದೆ.

ಒಂಬತ್ತನೇ ಕಿಕ್ಕಿಗೆ ಒಂದು ಕೆಮ್ಮು, ಹನ್ನೊಂದನೆಯದಕ್ಕೆ ‘ಡುಗ್ ಡುಗ್ ಡುಗ್’. ಅಂಗಳ ತುಂಬಾ ಹೊಗೆ. ‘ಇವತ್ತು ಸೊಳ್ಳೆ ಕಾಟ ಇಲ್ಲ ಬಿಡು,’ ಅಂದಳು ಅಮ್ಮ. ಬೆಂಗಳೂರಲ್ಲಿ, ಮೈಸೂರಲ್ಲಿ ಇವತ್ತು ಜಾವಾ ಸಾಲುಗಳೇ ಹೊರಟಿರುತ್ತವೆ. ನನ್ನದು ಮನೆಯಿಂದ ತೋಟದ ಬೇಲಿಯವರೆಗೆ ಎರಡು ಸುತ್ತು ಹೊಡೆಯಿತು. ಸಾಕು.

ಆದರೆ ಹೊಗೆ ಕಮ್ಮಿಯಾಗಲಿಲ್ಲ. ಇದನ್ನು ಬರೆದಿಟ್ಟುಕೊಳ್ಳುತ್ತೇನೆ.

ಜುಲೈ 27

ಟೂ ಸ್ಟ್ರೋಕ್ ತಣ್ಣಗಿದ್ದಾಗ ಹೊಗೆ ಬಿಡುವುದು ಸಹಜ. ಕಾದ ಮೇಲೆ ತೆಳುವಾಗಬೇಕು. ನನ್ನದು ಉಲ್ಟಾ. ಕಾದಷ್ಟೂ ಹೊಗೆ ಜಾಸ್ತಿ, ಅದರಲ್ಲೂ ಇಳಿಜಾರಿನಲ್ಲಿ ಆ್ಯಕ್ಸಿಲರೇಟರ್ ಬಿಟ್ಟಾಗ ಹಿಂದೆ ಬರುವವರಿಗೆ ದಾರಿ ಕಾಣದಷ್ಟು. ಮೊದಲು ಆಯಿಲ್ ಜಾಸ್ತಿ ಬೆರೆಸಿದೆನಾ ಅಂದುಕೊಂಡೆ. ಲೀಟರಿಗೆ 40 ಎಂ.ಎಲ್. ಹಾಕುತ್ತಿದ್ದೇನೆ, ಅದು ಸರಿಯಾಗಿಯೇ ಇದೆ. ವಾಸನೆಯೂ ಟೂ ಸ್ಟ್ರೋಕ್ ಆಯಿಲಿನದ್ದಲ್ಲ, ಒಂಥರಾ ಒಗ್ಗರಣೆ ಸೀದ ವಾಸನೆ.

ಮಳೆ ಬಿಟ್ಟ ಹೊತ್ತು ನೋಡಿ ನೋಡಿ 140 ಕಿ.ಮೀ. ಓಡಿಸಿದೆ. ಗೇರ್ ಬಾಕ್ಸಿಗೆ ಅಳೆದು ಒಂದು ಲೀಟರ್ ಹಾಕಿದ್ದೆ. ಇವತ್ತು ಬಿಚ್ಚಿ, ಅಡಿಕೆಗೆ ಹೊಡೆಯುವ ಔಷಧಿ ಅಳೆಯುವ ಮಗ್ಗಿಗೆ ಇಳಿಸಿದೆ. 700 ಎಂ.ಎಲ್. ಕೆಳಗೆ ಒಂದು ಹನಿಯೂ ಸೋರಿಲ್ಲ. ಮುನ್ನೂರು ಎಂ.ಎಲ್. ಎಲ್ಲಿಗೆ ಹೋಯಿತು?

ಎಂಜಿನ್ ಕುಡಿದಿದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಪಿಸ್ಟನ್ ಕೆಳಗಿನ, ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಇರುವ ಕೋಣೆಯೇ ಪಂಪು. ಪಿಸ್ಟನ್ ಮೇಲೆ ಹೋದಾಗ ಅದು ಗಾಳಿ ಪೆಟ್ರೋಲ್ ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಮೇಲಕ್ಕೆ ದೂಡುತ್ತದೆ. ಆ ಕೋಣೆಯ ಎರಡೂ ಪಕ್ಕ ಒಂದೊಂದು ರಬ್ಬರ್ ಸೀಲ್. ಜಾವಾದಲ್ಲಿ ಎಡಗಡೆ ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನು, ಕ್ಲಚ್ಚು, ಗೇರ್ ಬಾಕ್ಸಿನದೇ ಆಯಿಲ್. ಆ ಕಡೆಯ ಸೀಲ್ ಹೋದರೆ ಪ್ರತಿ ಎಳೆತಕ್ಕೂ ಒಂದು ಗುಟುಕು ಗೇರ್ ಆಯಿಲ್ ಒಳಗೆ. ಆ್ಯಕ್ಸಿಲರೇಟರ್ ಬಿಟ್ಟಾಗ ಗಾಳಿಯ ದಾರಿ ಮುಚ್ಚಿರುತ್ತದೆ, ಎಳೆತ ಇನ್ನೂ ಜೋರು. ಇಳಿಜಾರಿನ ಹೊಗೆಗೆ ಅದೇ ಕಾರಣ. ಬಲಗಡೆ ಡೈನಮೋ. ಆ ಕಡೆಯ ಸೀಲ್ ಹೋದರೆ ಆಯಿಲ್ ಬದಲು ಗಾಳಿ ನುಗ್ಗುತ್ತದೆ, ಗಾಡಿ ಕಾದ ಮೇಲೆ ರೇಸು ತನ್ನಷ್ಟಕ್ಕೆ ಏರುತ್ತದೆ. ನನ್ನದು ಅದನ್ನೂ ಮಾಡುತ್ತದೆ. ಡೈನಮೋ ಮುಚ್ಚಳ ತೆಗೆದರೆ ಒಳಗೆ ಜಿಡ್ಡು ಜಿಡ್ಡು.

ಓಡಿಸಿ ಹಾಳಾದ ಸೀಲ್ ಅಲ್ಲ ಇದು, ನಿಲ್ಲಿಸಿ ಹಾಳಾದದ್ದು. ಹತ್ತೊಂಬತ್ತು ವರ್ಷ ಒಂದೇ ಕಡೆ ಒತ್ತಿಕೊಂಡು ನಿಂತ ರಬ್ಬರ್ ಕಲ್ಲಾಗಿದೆ. ಅಪ್ಪ ‘ಗಾಡಿ ಹಾಳಾಗಬಾರದು’ ಅಂತಲೇ ಓಡಿಸದೆ ಮುಚ್ಚಿಟ್ಟಿದ್ದರು ಪಾಪ.

ಆಗಸ್ಟ್ 17

ಗಾಡಿ ಶಿವಮೊಗ್ಗದಲ್ಲಿದೆ. ಮಂಡಿಗೆ ಅಡಿಕೆ ಹೊತ್ತು ಹೊರಟಿದ್ದ ಪಿಕಪ್‌ನಲ್ಲಿ ಚೀಲಗಳ ನಡುವೆ ನಿಲ್ಲಿಸಿ ಕಳಿಸಿದೆ. ಅಲ್ಲಿನ ಮೆಕ್ಯಾನಿಕ್ ಉಸ್ತಾದರು ನಲವತ್ತು ವರ್ಷದಿಂದ ಜಾವಾ, ಯೆಜ್ಡಿ ಬಿಟ್ಟು ಬೇರೆ ಮುಟ್ಟಿದವರಲ್ಲ. ಒಂದೇ ಸಲ ರೇಸ್ ಮಾಡಿ ಕಿವಿ ಕೊಟ್ಟು, ‘ಸೀಲ್ ಜೊತೆ ಬೇರಿಂಗೂ ಹೋಗಿದೆ ತಮ್ಮಾ, ಕೇಳಿಸ್ತಾ?’ ಅಂದರು. ನನಗೆ ಕೇಳಿಸಲಿಲ್ಲ. ಬಿಚ್ಚಿದರೆ ಬೇರಿಂಗಿನ ಗುಂಡುಗಳ ಮೇಲೆ ತುಕ್ಕಿನ ಚುಕ್ಕೆ. ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಬೇರಿಂಗಿಗೆ ಪೆಟ್ರೋಲಿನಲ್ಲಿ ಬೆರೆತ ಆಯಿಲೇ ಆಧಾರ. ಓಡದೇ ಇದ್ದರೆ ಅದೂ ಇಲ್ಲ, ಮಲೆನಾಡಿನ ಥಂಡಿ ಮಾತ್ರ ಇದೆ.

ಆನ್‌ಲೈನ್‌ನಲ್ಲಿ ನಾನು ಮೊದಲೇ ತರಿಸಿಟ್ಟ ಸೀಲ್‌ಗಳನ್ನು ಉಸ್ತಾದರು ಬೆರಳಲ್ಲಿ ಒತ್ತಿ ನೋಡಿ ವಾಪಸ್ ಕೊಟ್ಟರು. ಹೊರಗಿನ ಅಳತೆ ಸಡಿಲ, ಬಾಯಿ ಗಟ್ಟಿ. ಹಣ ಹೋಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ವೈಟಾನ್ ಸೀಲ್ ತರಿಸಿದ್ದಾರೆ. ಮಾಮೂಲಿ ರಬ್ಬರಿಗಿಂತ ದುಬಾರಿ. ಆದರೆ ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್, ವೈಟಾನ್ ಅದನ್ನು ತಡೆದುಕೊಳ್ಳುತ್ತದೆ. 1968ರಲ್ಲಿ ಗಾಡಿ ಮಾಡಿದವರು ಎಥೆನಾಲ್ ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ಪೆಟ್ರೋಲ್ ಪೈಪು, ಟ್ಯಾಪಿನ ವಾಷರ್ ಕೂಡ ಬದಲಾಯಿಸಿದೆವು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಹಾಗಾಗಿ ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕೂ ಕಾರ್ಬೊರೇಟರೂ ಖಾಲಿ ಮಾಡಬೇಕು ಅಂತ ನಿಯಮ ಮಾಡಿಕೊಂಡಿದ್ದೇನೆ.

ಬಣ್ಣ ಹೊಡೆಸಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಟ್ಯಾಂಕಿನ ಪಕ್ಕ ಅಜ್ಜನ ಮೊಣಕಾಲು ಉಜ್ಜಿ ಮಾಸಿದ ಜಾಗ ಹಾಗೇ ಇರಲಿ.

ಅಕ್ಟೋಬರ್ 12

ಆಗುಂಬೆಗೆ ಹೋಗಿ ಬಂದೆವು. ನಾನು ಜಾವಾದಲ್ಲಿ, ಅಕ್ಕನ ಮಗ ಅವನ ಹೊಸ ಜಾವಾ 350ಯಲ್ಲಿ. ಅವನು ಅದನ್ನು ತೆಗೆದುಕೊಂಡದ್ದು ಆಗಸ್ಟಿನಲ್ಲಿ. ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಆ ವಿಷಯ ಅವನ ಮುಂದೆ ಯಾರೂ ಎತ್ತಬಾರದು ಅಂತ ಮನೆಯಲ್ಲಿ ಕಟ್ಟಪ್ಪಣೆಯಾಗಿದೆ.

ಅರ್ಧ ದಾರಿಯಲ್ಲಿ ಗಾಡಿ ಬದಲಾಯಿಸಿಕೊಂಡೆವು. 2018ರಲ್ಲಿ ಮತ್ತೆ ಬಂದ ಜಾವಾ ಹೆಸರಿನ ಮೇಲೆ ನನಗೆ ಸ್ವಲ್ಪ ಅಸಡ್ಡೆ ಇತ್ತು. ಬರೀ ವೇಷ ಅಂದುಕೊಂಡಿದ್ದೆ. ಓಡಿಸಿದ ಮೇಲೆ ಹಾಗನ್ನಲಾರೆ. 334 ಸಿಸಿ, ಫೋರ್ ಸ್ಟ್ರೋಕ್, ನೀರಿನಿಂದ ತಣಿಸುವ ಎಂಜಿನ್, ಆರು ಗೇರ್. ಏರಿನಲ್ಲಿ ಮೂರನೇ ಗೇರಿನಲ್ಲೇ ಎಳೆದುಕೊಂಡು ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಬ್ರೇಕು. ಒದ್ದೆ ಎಲೆ ಬಿದ್ದ ತಿರುವಿನಲ್ಲಿ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇರುವುದಕ್ಕೂ, ನನ್ನ ಡ್ರಮ್ ಬ್ರೇಕಿಗೂ ಹೋಲಿಕೆಯೇ ಇಲ್ಲ. ಮೆಚ್ಚದ್ದು ತೂಕ. ಹಳೇದನ್ನು ಕೆಸರಲ್ಲಿ ಒಬ್ಬನೇ ತಿರುಗಿಸಿ ನಿಲ್ಲಿಸಬಹುದು, ಇದಕ್ಕೆ ಇನ್ನೊಂದು ಕೈ ಬೇಕು. ಹಳೇದರಿಂದ ಇಳಿದು ಅವನು ಹೇಳಿದ್ದು: ‘ಮಾವ, ಇದು ನಿಲ್ಲೋದೇ ಇಲ್ಲ, ಬರೀ ಹೋಗತ್ತೆ!’

ಘಾಟಿಯ ಹದಿನಾಲ್ಕು ತಿರುವಲ್ಲಿ ನಾಲ್ಕು ಇಳಿದು ಹತ್ತಿದೆವು. ಟೂ ಸ್ಟ್ರೋಕ್‌ನಲ್ಲಿ ಎಂಜಿನ್ ಹಿಡಿತ ಕಮ್ಮಿ, ಬ್ರೇಕಿನ ಮೇಲೇ ಇಳಿಯಬೇಕು. ಅದಕ್ಕಿಂತ ಮುಖ್ಯ, ಆ್ಯಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದರೆ ಪೆಟ್ರೋಲ್ ಇಲ್ಲ, ಪೆಟ್ರೋಲ್ ಇಲ್ಲದಿದ್ದರೆ ಆಯಿಲೂ ಇಲ್ಲ. ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಪಿಸ್ಟನ್ ಒಣಗುತ್ತದೆ. ಆಗಾಗ ಕ್ಲಚ್ ಹಿಡಿದು ಒಂದು ಸಣ್ಣ ರೇಸ್ ಕೊಡುತ್ತಾ ಇಳಿಯಬೇಕು. ಹಿಂದೆ ತಿರುಗಿ ಹೊಗೆ ನೋಡಿದೆ. ತೆಳ್ಳಗೆ, ನೀಲಿಯಾಗಿ, ಮಂಜಿನಲ್ಲಿ ಬೇರೆ ಮಾಡಿ ಹೇಳಲಾಗದಷ್ಟು.

ಸಂಜೆ ಮನೆಗೆ ಬಂದು, ಎಂಜಿನ್ ಬಿಸಿ ಇರುವಾಗಲೇ ಗೇರ್ ಆಯಿಲ್ ಅದೇ ಮಗ್ಗಿಗೆ ಇಳಿಸಿದೆ. ಒಂದು ಲೀಟರಿನ ಗೆರೆಗೆ ಕೂದಲಷ್ಟು ಕಮ್ಮಿ. ಅಷ್ಟು ನನ್ನ ಕೈಗೇ ಅಂಟಿತ್ತು.

ಮುಂದಿನ ಫೋರ್ಕಿನ ಎಡಗಾಲಿನಿಂದ ಆಯಿಲ್ ಜಿನುಗುತ್ತಿದೆ. ಅದು ಬೇರೆ ಆಯಿಲ್, ಬೇರೆ ಸೀಲ್. ಮುಂದಿನ ವಾರ ನೋಡೋಣ.