ಆಯಸ್ಕಾಂತದ ಫಿಲ್ಟರೂ ಗಿಣಿಗೇರಾದ ಕರಿದೂಳೂ

ಕ್ಯಾಮೆರಾದ ಲೆನ್ಸಿಗೆ ಫಿಲ್ಟರನ್ನು ತಿರುಪಿ ಕೂರಿಸುವ ಅಭ್ಯಾಸಕ್ಕೆ ನಾನು ವಿದಾಯ ಹೇಳಿದ್ದು ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಸಂಜೆ, ಸಣಾಪುರ ಕೆರೆಯ ದಂಡೆಯ ಬಂಡೆಗಳ ಮೇಲೆ. ಬೆಳಗಿನಿಂದ ಬೈಕಿನ ಪೆಟ್ಟಿಗೆಯಲ್ಲಿ ಕಾದಿದ್ದ ಲೆನ್ಸಿನಲ್ಲಿ ಪೋಲರೈಸರ್, ಅಂದರೆ ನೀರಿನಂಥದರ ಮೇಲಿನ ಹೊಳಪನ್ನು ತೆಗೆಯುವ ಫಿಲ್ಟರ್, ಕಚ್ಚಿಕೊಂಡು ಕುಳಿತಿತ್ತು. ಅಲ್ಯುಮಿನಿಯಂ ಬಳೆಗೆ ಅಲ್ಯುಮಿನಿಯಂ ಬಳೆ, ನಡುವೆ ಸಿಕ್ಕಿಕೊಂಡ ಒಂದೆರಡು ಮರಳಿನ ಕಣ. ಕಚ್ಚಿಕೊಳ್ಳಲು ಇಷ್ಟೇ ಸಾಕು. ಪೋಲರೈಸರಿನ ಮುಂದಿನ ಬಳೆ ತನ್ನಷ್ಟಕ್ಕೆ ತಿರುಗುವಂಥದ್ದಾದ್ದರಿಂದ, ಬಿಚ್ಚಬೇಕೆಂದರೆ ಹಿಂದಿರುವ ದಾರದಷ್ಟು ಸಣ್ಣ ಅಂಚನ್ನೇ ಹಿಡಿಯಬೇಕು, ಅದು ಬೆವರಿದ ಬೆರಳಿಗೆ ಸಿಗುವುದಿಲ್ಲ. ನನ್ನ ಒದ್ದಾಟವನ್ನು ನೋಡುತ್ತಿದ್ದ ಹರಿಗೋಲಿನ ಹಿರಿಯರೊಬ್ಬರು ಹತ್ತಿರ ಬಂದು, "ಅಷ್ಟ್ ಬಿಗಿ ಹಿಡೀಬ್ಯಾಡ್ರಿ ಸರ, ಬಿಗಿ ಹಿಡದ್ರ ಬಳಿ ಬಾಗತೈತಿ, ಬಾಗಿದ್ರ ಮತ್ತಷ್ಟು ಕಚ್ಚತೈತಿ" ಎಂದು ಹೇಳಿ, ಸೈಕಲ್ ಟ್ಯೂಬಿನ ಒಂದು ಪಟ್ಟಿಯನ್ನು ಆ ಅಂಚಿಗೆ ಸುತ್ತಿ, ಮೆಲ್ಲಗೆ ತಿರುಗಿಸಿ ಬಿಚ್ಚಿ ಕೊಟ್ಟರು. ಅಷ್ಟು ಹೊತ್ತಿಗೆ ಬಂಡೆಗಳ ಮೇಲಿನ ಬೆಳಕು ಹೋಗಿತ್ತು.

ಆ ತಿಂಗಳೇ ಆಯಸ್ಕಾಂತದ ಫಿಲ್ಟರುಗಳನ್ನು ತರಿಸಿದೆ. ಇವುಗಳ ಕಟ್ಟಣೆ ಸರಳವಾದದ್ದು. ಲೆನ್ಸಿನ ಮುಂದಿನ ಥ್ರೆಡ್ಡಿಗೆ ತೆಳುವಾದ ಒಂದು ಬಳೆಯನ್ನು ಒಮ್ಮೆ ತಿರುಪಿ ಬಿಟ್ಟುಬಿಡುತ್ತೇವೆ, ಫಿಲ್ಟರಿನ ಅಂಚಿನಲ್ಲಿ ಹುದುಗಿಸಿದ ನಿಯೋಡಿಮಿಯಂ ಆಯಸ್ಕಾಂತದ ತುಣುಕುಗಳು ಆ ಬಳೆಯನ್ನು ಹಿಡಿದುಕೊಳ್ಳುತ್ತವೆ. ಈ ಯೋಚನೆ ಇತ್ತೀಚಿನದೇನಲ್ಲ. ನಮ್ಮಲ್ಲಿರುವ ಹಳೆಯ ಫಿಲ್ಟರಿಗೇ ಆಯಸ್ಕಾಂತದ ಬಳೆ ಜೋಡಿಸುವ ಕ್ಸೂಮ್ ಅಡಾಪ್ಟರುಗಳು ಮೊದಲೇ ಇದ್ದವು, ಅವನ್ನು ಮುಂದೆ ಮ್ಯಾನ್‌ಫ್ರೊಟ್ಟೊ ತನ್ನ ಹೆಸರಿನಲ್ಲಿ ಮಾರಿತು. ನನ್ನ ಎರಡು ಲೆನ್ಸುಗಳಲ್ಲಿ ಫಿಲ್ಟರ್ ಕೂರುವ ಬಾಯಿಯ ಅಗಲ 67 ಮತ್ತು 77 ಮಿಲಿಮೀಟರ್. ಎರಡಕ್ಕೂ ಬೇರೆ ಬೇರೆ ಫಿಲ್ಟರ್ ಕೊಳ್ಳುವ ಬದಲು, ಎರಡನ್ನೂ 82ಕ್ಕೆ ಏರಿಸುವ ಬಳೆಗಳನ್ನು ಹಾಕಿ, ಒಂದೇ ಜೊತೆ ಫಿಲ್ಟರಿನಲ್ಲಿ ಕೆಲಸ ನಡೆಸುತ್ತಿದ್ದೇನೆ. ಇದರಿಂದ ಓರೆ ಬಿಸಿಲು ತಡೆಯುವ ಲೆನ್ಸಿನ ಹುಡ್ ಹಾಕಲು ಬಾರದು, ಹಳೆಯ ಮುಚ್ಚಳವೂ ಕೂರದು. ಆಯಸ್ಕಾಂತದ್ದೇ ಒಂದು ಮುಚ್ಚಳವನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಯಿತು.

ಇದರ ನಿಜವಾದ ಉಪಕಾರ ಗೊತ್ತಾಗುವುದು ಬೆಳಕನ್ನು ತಗ್ಗಿಸುವ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ ಬಳಸುವಾಗ. ಆನೆಗೊಂದಿಯ ಕಡೆಯಿಂದ ತುಂಗಭದ್ರೆಯ ನೀರು ಬಂಡೆಗಳ ನಡುವೆ ಹೊಗೆಯಂತೆ ಹರಿಯುವುದನ್ನು ತೋರಿಸಬೇಕೆಂದರೆ, ಫಿಲ್ಟರ್ ಇಲ್ಲದೆ ಸೆಕೆಂಡಿನ 1/60 ಭಾಗ ತೆರೆದಿರಬೇಕಾದ ಶಟರನ್ನು ಸುಮಾರು 17 ಸೆಕೆಂಡು ತೆರೆದಿಡಬೇಕು, ಏಕೆಂದರೆ ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತ ಹತ್ತನೆಯದಕ್ಕೆ 1024ರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ನನ್ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಕಿಂಡಿಯಲ್ಲಿ ಆಗ ಕತ್ತಲೆಯಲ್ಲದೆ ಏನೂ ಕಾಣುವುದಿಲ್ಲ. ಆದ್ದರಿಂದ ಚೌಕಟ್ಟನ್ನೂ ಫೋಕಸ್ಸನ್ನೂ ಮೊದಲೇ ಸರಿಪಡಿಸಿಕೊಂಡು, ಆಟೋಫೋಕಸ್ ಬಂದ್ ಮಾಡಿ, ಆಮೇಲೆ ಫಿಲ್ಟರ್ ಹಾಕಬೇಕು. ತಿರುಪಿನ ಫಿಲ್ಟರ್ ಹಾಕುವಾಗ ಅದರ ಜೊತೆಗೆ ಫೋಕಸ್ಸಿನ ಬಳೆಯೂ ಒಂದಿಷ್ಟು ತಿರುಗಿಬಿಡುತ್ತಿತ್ತು, ಮನೆಗೆ ಬಂದು ನೋಡಿದರೆ ಎಲ್ಲ ಚಿತ್ರಗಳೂ ಮಬ್ಬು. ಈಗ ಬೋಗುಣಿಗೆ ಮುಚ್ಚಳ ಇಟ್ಟಂತೆ ಇಟ್ಟರಾಯಿತು, ಟ್ರೈಪಾಡ್ ಅಲುಗುವುದೂ ಇಲ್ಲ. ಪೋಲರೈಸರಿನ ವಿಷಯದಲ್ಲಿಯೂ ಅನುಕೂಲವೇ. ಕೆರೆಯ ನೀರಿನ ಮೇಲಿನ ಹೊಳಪು ಹೋಗಿ ಒಳಗಿನ ಕಲ್ಲು ಕಾಣಬೇಕಾದರೆ ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿಯ ಓರೆಯಲ್ಲಿ ನೋಡುವಂಥ ಎತ್ತರ ಬೇಕು. ಆ ಬಂಡೆಯಿಂದ ಈ ಬಂಡೆಗೆ ಹತ್ತಿ ಇಳಿದು ಜಾಗ ಹುಡುಕುವಾಗ, ಬರಿಯ ಫಿಲ್ಟರನ್ನು ಕಣ್ಣಿನ ಮುಂದೆ ಹಿಡಿದು ತಿರುಗಿಸಿ ನೋಡಿ, ಸರಿಯೆನಿಸಿದ ಮೇಲೆ ಲೆನ್ಸಿಗೆ ಅಂಟಿಸುತ್ತೇನೆ.

ಈಗ ಬಯಲಾಗಬೇಕಾದ ಇನ್ನೊಂದು ಮಗ್ಗುಲಿದೆ, ಅದು ನಮ್ಮ ಸೀಮೆಗೇ ಸಂಬಂಧಿಸಿದ್ದು. ನಾನಿರುವುದು ಕೊಪ್ಪಳದಲ್ಲಿ. ಗಿಣಿಗೇರಾದ ಸುತ್ತ ಕಬ್ಬಿಣದ ಕಾರ್ಖಾನೆಗಳಿವೆ. ಗಾಳಿ ಆ ಕಡೆಯಿಂದ ಬೀಸಿದ ದಿನ ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಬಟ್ಟೆಗೆ ಕರಿದೂಳು ಕೂರುವುದು ನಮಗೆಲ್ಲ ಗೊತ್ತಿರುವ ಸಂಗತಿ. ಅದೇ ದೂಳು ಫಿಲ್ಟರಿನ ಅಂಚಿನಲ್ಲಿ, ಆಯಸ್ಕಾಂತದ ತುಣುಕು ಎಲ್ಲೆಲ್ಲಿದೆಯೋ ಅಲ್ಲಲ್ಲಿ, ಹುಳುವಿನ ಮೈಮೇಲಿನ ರೋಮದಂತೆ ನಿಮಿರಿ ನಿಂತಿರುವುದನ್ನು ಮೊದಲ ಸಲ ಕಂಡಾಗ ನನಗೆ ಗಾಬರಿಯೇ ಆಯಿತು. ಬ್ಲೋವರಿನಿಂದ ಎಷ್ಟು ಗಾಳಿ ಊದಿದರೂ ಅದು ಹೋಗಲಿಲ್ಲ. ಅಂಗಿಯ ಚುಂಗಿನಿಂದ ಒರೆಸಿದಾಗ ಅಂಚಿನಿಂದ ಜಾರಿ ಗಾಜಿನ ಮೇಲೆ ಹರಿದಾಡಿತು. ನನ್ನ ಪೋಲರೈಸರಿನ ಮೇಲಿರುವ ಕೂದಲೆಳೆಯಂಥ ಎರಡು ಗೆರೆಗಳು ಆ ದಿನದ ಗಳಿಕೆ.

ಕುತೂಹಲಕ್ಕೆಂದು ಸಂಡೂರಿನ ರಸ್ತೆ ಬದಿಯ ಕೆಂಪು ದೂಳನ್ನೂ ಕಾಗದದಲ್ಲಿ ಕಟ್ಟಿ ತಂದು ಅದೇ ಬಳೆಯನ್ನು ಅದರ ಹತ್ತಿರ ಹಿಡಿದೆ. ಎಲೆ, ಮನೆ, ಲಾರಿ ಒಂದನ್ನೂ ಬಿಡದೆ ಕೆಂಪಗೆ ಮಾಡುವ ಆ ದೂಳು ಆಯಸ್ಕಾಂತಕ್ಕೆ ಹೆಚ್ಚು ಒಲಿಯಲಿಲ್ಲ, ಅಲ್ಲೊಂದು ಇಲ್ಲೊಂದು ಕರಿಯ ಕಣ ಮಾತ್ರ ಎದ್ದು ಬಂದು ಅಂಟಿತು. ಸಂಡೂರಿನ ಅದಿರು ಬಹುಪಾಲು ಹೆಮಟೈಟ್, ಅದಕ್ಕೂ ಆಯಸ್ಕಾಂತಕ್ಕೂ ನಂಟು ತೀರ ಸಡಿಲು. ಬಲವಾಗಿ ಅಂಟುವುದು ಮ್ಯಾಗ್ನಟೈಟ್ ಎಂಬ ಕರಿಯ ಅದಿರು ಮತ್ತು ಕಾರ್ಖಾನೆಯಲ್ಲಿ ಆಮ್ಲಜನಕ ಕಳೆದುಕೊಂಡು ಕಬ್ಬಿಣವೇ ಆಗಿಬಿಟ್ಟ ಕಣಗಳು. ಅಂದರೆ ಅದಿರು ಅಗೆಯುವ ಊರಿಗಿಂತ ಅದನ್ನು ಕಾಯಿಸುವ ಊರಿನಲ್ಲಿ ಈ ಫಿಲ್ಟರಿಗೆ ಅಪಾಯ ಹೆಚ್ಚು.

ಇದಕ್ಕೆ ನಾನು ಕಂಡುಕೊಂಡ ಉಪಾಯ ಹತ್ತು ರೂಪಾಯಿಯ ಅಂಟುಪಟ್ಟಿ. ಪಟ್ಟಿಯ ಅಂಟಿನ ಮುಖ ಹೊರಗಿರುವಂತೆ ಬೆರಳಿಗೆ ಸುತ್ತಿಕೊಂಡು, ಗಾಜಿಗೆ ತಾಗಿಸದೆ ಬಳೆಯ ಅಂಚನ್ನು ಮಾತ್ರ ಒತ್ತಿ ಒತ್ತಿ ಎತ್ತಿದರೆ ದೂಳೆಲ್ಲ ಪಟ್ಟಿಗೆ ಬರುತ್ತದೆ. ಎಳೆಯಬಾರದು, ಒತ್ತಿ ನೇರವಾಗಿ ಎತ್ತಬೇಕು. ಗಾಜನ್ನು ಒರೆಸುವ ಕೆಲಸ ಇದಾದ ನಂತರ. ಫಿಲ್ಟರುಗಳನ್ನು ಬರಿದೆ ಚೀಲದಲ್ಲಿ ಬಿಡದೆ, ಒಂದರ ಬೆನ್ನಿಗೆ ಒಂದನ್ನು ಅಂಟಿಸಿ ಎರಡೂ ಕಡೆ ಮುಚ್ಚಳ ಹಾಕಿ ಇಡುತ್ತೇನೆ.

ಉಳಿದ ಎಚ್ಚರಿಕೆಗಳು ಚಿಕ್ಕವು. ಆಯಸ್ಕಾಂತ ನೇರ ಎಳೆತಕ್ಕೆ ಜಗ್ಗದಿದ್ದರೂ ಪಕ್ಕದ ಏಟಿಗೆ ಜಾರುತ್ತದೆ, ಹಾಗಾಗಿ ಕ್ಯಾಮೆರಾ ಕೊರಳಲ್ಲಿ ತೂಗಾಡುವಾಗ ಫಿಲ್ಟರ್ ಲೆನ್ಸಿನ ಮೇಲಿರಬಾರದು. ಅಂಜನಾದ್ರಿಯ ಮೆಟ್ಟಿಲು ಹತ್ತುವಾಗಲಂತೂ ನಾನು ತೆಗೆದು ಜೇಬಿಗೆ ಹಾಕುತ್ತೇನೆ, ಆದರೆ ಎಟಿಎಂ ಕಾರ್ಡ್ ಇರುವ ಜೇಬಿಗಲ್ಲ. ಸೂರ್ಯ ಮುಳುಗುವ ದಿಕ್ಕು ನೋಡಲು ಫೋನನ್ನು ಲೆನ್ಸಿನ ಪಕ್ಕಕ್ಕೆ ಹಿಡಿದರೆ ಅದರ ದಿಕ್ಸೂಚಿ ದಾರಿ ತಪ್ಪುತ್ತದೆ. ಒಮ್ಮೆ ಅದನ್ನೇ ನಂಬಿ ಮುನಿರಾಬಾದಿನಲ್ಲಿ ಜಲಾಶಯದ ದಂಡೆಯ ಮೇಲೆ ಟ್ರೈಪಾಡ್ ನಿಲ್ಲಿಸಿಕೊಂಡು ಕಾದೆ, ಸೂರ್ಯ ನನ್ನ ಚೌಕಟ್ಟಿನಿಂದ ಒಂದು ಮಾರು ಆಚೆ ಮುಳುಗಿದ.