ಮುಚ್ಚಳ ತೆರೆಯುವ ಹೊತ್ತು

ಇವತ್ತು ಬೆಳಗ್ಗೆ ಹಿತ್ತಲಲ್ಲಿ ಒಂದಡಿ ಹಿಮ. ಸೊಪ್ಪು ಬೆಳೆಯುವ ಪೆಟ್ಟಿಗೆಯ ಮುಚ್ಚಳದ ಮೇಲೆ ಬಿದ್ದಿದ್ದನ್ನು ಪೊರಕೆಯಿಂದ ಗುಡಿಸಿ, ಹತ್ತೂವರೆಯವರೆಗೆ ಕಾದು, ಎತ್ತಿ ನೋಡಿದೆ. ಕೊತ್ತಂಬರಿಯ ವಾಸನೆ ಮೂಗು ತುಂಬಿತು. ಫೆಬ್ರವರಿ ಎರಡನೇ ವಾರ, ಮ್ಯಾಸಚೂಸೆಟ್ಸ್‌ನ ವೂಸ್ಟರ್ ಪಕ್ಕದ ಊರು, ಸುತ್ತ ಒಂದು ಹಸಿರೆಲೆ ಕಾಣದ ಕಾಲ. ಒಂದು ಹಿಡಿ ಕೊಯ್ದು ಒಳಗೆ ತಂದೆ. ಮಧ್ಯಾಹ್ನದ ಸಾರಿಗೆ ಸಾಕಾಯಿತು.

ಈ ಪೆಟ್ಟಿಗೆಯನ್ನು ಇಲ್ಲಿಯವರು ಕೋಲ್ಡ್ ಫ್ರೇಮ್ ಎನ್ನುತ್ತಾರೆ. ತಳವಿಲ್ಲದ ಮರದ ಚೌಕಟ್ಟು, ಮೇಲೆ ಬೆಳಕು ಹಾಯುವ ಮುಚ್ಚಳ, ಅಷ್ಟೇ. ಹೀಟರ್ ಇಲ್ಲ, ಕರೆಂಟ್ ಇಲ್ಲ. ನನ್ನದು ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ. ಹಿಂದಿನ ಹಲಗೆ 18 ಇಂಚು, ಮುಂದಿನದು 12 ಇಂಚು ಎತ್ತರ. ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿರಬೇಕು, ಏಕೆಂದರೆ ಡಿಸೆಂಬರ್ ಕೊನೆಯಲ್ಲಿ ಇಲ್ಲಿ ನಡುಮಧ್ಯಾಹ್ನದ ಸೂರ್ಯನೂ ದಿಗಂತದಿಂದ ಸುಮಾರು 24 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅರಸೀಕೆರೆ ಕಡೆಯವಳಾದ ನನಗೆ ಅದು ಸಂಜೆ ನಾಲ್ಕರ ಬಿಸಿಲು.

ಮೊದಲು ಮುಚ್ಚಳಕ್ಕೆಂದು ಹಳೆಯ ಕಿಟಕಿಗಳನ್ನು ತಂದಿದ್ದೆ. ಪಕ್ಕದ ಬೀದಿಯಲ್ಲಿ ಯಾರೋ ಮನೆ ರಿಪೇರಿ ಮಾಡಿಸುತ್ತ ಹೊರಗಿಟ್ಟಿದ್ದರು. ಗಾಜು ಗಟ್ಟಿಯಾಗಿತ್ತು, ಆದರೆ ಚೌಕಟ್ಟಿನ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಆ ಮನೆ ಅದಕ್ಕಿಂತ ಎಷ್ಟೋ ಹಳೆಯದು. ಹಾರ್ಡ್‌ವೇರ್ ಅಂಗಡಿಯಿಂದ ಪರೀಕ್ಷೆಯ ಕಡ್ಡಿ ತಂದು ಉಜ್ಜಿದೆ, ಕೆಂಪಾಯಿತು. ನನ್ನ ಮಗಳು ಆಗ ಮಣ್ಣಿನಲ್ಲಿ ಕೈಯಾಡಿಸುವ ವಯಸ್ಸಿನವಳು. ಕಿಟಕಿಗಳನ್ನು ಅಂದೇ ಸುತ್ತಿ ಹಿತ್ತಲಿನಿಂದ ಹೊರಗೆ ಸಾಗಿಸಿದೆ. ಹಳೆಯ ಕಿಟಕಿ ಬಳಸಿ ಎಂದು ಇಲ್ಲಿ ಎಲ್ಲರೂ ಸಲಹೆ ಕೊಡುತ್ತಾರೆ. ಸೊಪ್ಪು ತಿನ್ನುವವರು ಬಣ್ಣವನ್ನು ಪರೀಕ್ಷಿಸದೆ ಅದನ್ನು ಪಾಲಿಸಬಾರದು ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ. ನನ್ನ ಮುಚ್ಚಳ ಈಗ ಎರಡು ಪದರದ ಪಾಲಿಕಾರ್ಬೊನೇಟ್ ಹಾಳೆ. ಹಗುರ, ಒಡೆಯುವುದಿಲ್ಲ, ಪದರಗಳ ನಡುವಿನ ಗಾಳಿ ಚಳಿಯನ್ನು ತಡೆಯುತ್ತದೆ. ಹಗುರವಾದ್ದರಿಂದಲೇ ಗಾಳಿಗೆ ಹಾರುತ್ತದೆ ಕೂಡ, ಕೊಕ್ಕೆ ಹಾಕಲೇಬೇಕು.

ಮೊದಲ ವರ್ಷ ದಸರಾ ಮುಗಿಸಿಕೊಂಡು ಅಕ್ಟೋಬರ್ ನಡುವಿನಲ್ಲಿ ಬಿತ್ತಿದ್ದೆ. ಪೆಟ್ಟಿಗೆ ಇದೆಯಲ್ಲ, ಇನ್ನೇನು ಎಂಬ ಧೈರ್ಯ. ಬೀಜ ಮೊಳೆತವು, ಎರಡೆರಡು ಎಲೆ ಬಿಟ್ಟವು, ಹಾಗೇ ನಿಂತವು. ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಗೊಬ್ಬರ ಸಾಲದೇನೋ, ಮಣ್ಣು ತಣ್ಣಗಿದೆಯೇನೋ ಎಂದು ಇಡೀ ಚಳಿಗಾಲ ಕೊರಗಿದೆ. ಕಾರಣ ಬೆಳಕು. ದಿನದ ಬೆಳಕು ಹತ್ತು ಗಂಟೆಗಿಂತ ಕಡಿಮೆಯಾದರೆ ಸೊಪ್ಪು ಹೆಚ್ಚುಕಡಿಮೆ ಬೆಳೆಯುವುದನ್ನೇ ನಿಲ್ಲಿಸುತ್ತದೆ ಎಂಬುದು ಇಲ್ಲಿಯ ಚಳಿಗಾಲದ ಬೆಳೆಗಾರರ ಲೆಕ್ಕ. ನಮ್ಮಲ್ಲಿ ನವೆಂಬರ್ 10ರ ಆಸುಪಾಸಿನಿಂದ ಫೆಬ್ರವರಿ ಮೊದಲ ವಾರದವರೆಗೆ ಹಾಗೆ. ಅತಿ ಚಿಕ್ಕ ದಿನಕ್ಕೆ ಒಂಬತ್ತು ಗಂಟೆಯ ಮೇಲೆ ಕೆಲವೇ ನಿಮಿಷ. ಅರಸೀಕೆರೆಯಲ್ಲಿ ಅತಿ ಚಿಕ್ಕ ದಿನವೂ ಹನ್ನೊಂದು ಗಂಟೆ ದಾಟುತ್ತದೆ. ಬೆಳಕಿಗೆ ಬರ ಬರಬಹುದು ಎಂಬ ಯೋಚನೆಯೇ ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ. ಮುಚ್ಚಳ ಚಳಿಯನ್ನು ತಡೆಯಬಲ್ಲದು, ಹಗಲನ್ನು ಉದ್ದ ಮಾಡಲಾರದು.

ಆದ್ದರಿಂದ ಈಗ ಗೌರಿ ಹಬ್ಬದ ಸುಮಾರಿಗೆ ಬಿತ್ತುತ್ತೇನೆ: ಪಾಲಕ್, ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ. (ಅಧಿಕ ಮಾಸ ಬಂದ ವರ್ಷ ಹಬ್ಬಕ್ಕೆ ಕಾಯಬಾರದು, ತಡವಾಗುತ್ತದೆ.) ನವೆಂಬರ್ ಬರುವ ಹೊತ್ತಿಗೆ ಗಿಡ ಮುಕ್ಕಾಲು ಬೆಳೆದಿರಬೇಕು. ಆಮೇಲೆ ಪೆಟ್ಟಿಗೆ ಕಣಜವಿದ್ದಂತೆ. ಬೆಳೆದಿದ್ದನ್ನು ಕಾಯುತ್ತದೆ, ನಾವು ಬೇಕಾದಷ್ಟು ಕೊಯ್ದುಕೊಳ್ಳುತ್ತೇವೆ. ಹರಿವೆ, ದಂಟು ಇದಕ್ಕೆ ಬೇಡವೇ ಬೇಡ. ಮೆಂತ್ಯ ಮತ್ತು ಸಬ್ಬಸಿಗೆ ಡಿಸೆಂಬರ್ ಮೊದಲ ವಾರದವರೆಗೆ ತಾಳುತ್ತವೆ. ಕೊತ್ತಂಬರಿ ನಾನು ಎಣಿಸಿದ್ದಕ್ಕಿಂತ ಗಟ್ಟಿ. ಪಾಲಕ್ ಎಲ್ಲಕ್ಕಿಂತ ಗಟ್ಟಿ. ಚಳಿಗೆ ಎಲೆಯಲ್ಲಿ ಸಕ್ಕರೆ ಕೂಡಿ ಜನವರಿಯಲ್ಲಿ ಹಸಿಯಾಗಿ ತಿಂದರೂ ಸಿಹಿ.

ಜನವರಿಯ ಮುಂಜಾನೆ ಪೆಟ್ಟಿಗೆಯೊಳಗೂ ಎಲೆಗಳು ಹೆಪ್ಪುಗಟ್ಟಿ ಗಾಜಿನಂತಾಗಿರುತ್ತವೆ. ಮೊದಲ ಸಲ ನೋಡಿದಾಗ ಎಲ್ಲ ಮುಗಿಯಿತೆಂದು ಅವಸರದಲ್ಲಿ ಕೊಯ್ದೆ. ಅಡುಗೆಮನೆಗೆ ಬರುವಷ್ಟರಲ್ಲಿ ಕಪ್ಪಾಗಿ ಲೋಳೆಯಾದವು. ಮುಟ್ಟದೆ ಉಳಿಸಿದ್ದ ಎಲೆಗಳು ಹನ್ನೊಂದರ ಹೊತ್ತಿಗೆ ತಾವಾಗಿಯೇ ಕರಗಿ ತಲೆಯೆತ್ತಿ ನಿಂತಿದ್ದವು. ಅಂದಿನಿಂದ ಹತ್ತೂವರೆಗೆ ಮುಂಚೆ ನಾನು ಮುಚ್ಚಳಕ್ಕೆ ಕೈ ಹಚ್ಚುವುದಿಲ್ಲ.

ಆದರೆ ನನ್ನ ಅತಿ ದೊಡ್ಡ ನಷ್ಟ ಚಳಿಯಿಂದ ಆದದ್ದಲ್ಲ. ಎರಡನೇ ವರ್ಷದ ಮಾರ್ಚ್, ಹೊರಗೆ ಏಳು ಡಿಗ್ರಿ ಸೆಲ್ಸಿಯಸ್, ಮೋಡವಿಲ್ಲದ ಆಕಾಶ. ಕೋಟು ಹಾಕಿಕೊಂಡು ಕೆಲಸಕ್ಕೆ ಹೊರಟವಳಿಗೆ ಮುಚ್ಚಳದ ನೆನಪು ಬರಲಿಲ್ಲ. ಸಂಜೆ ಬಂದು ನೋಡಿದರೆ ಥರ್ಮಾಮೀಟರಿನಲ್ಲಿ ಅಂದಿನ ಗರಿಷ್ಠ 43 ಡಿಗ್ರಿ. ಬೆರಳುದ್ದದ ಸಬ್ಬಸಿಗೆ, ಬದನೆಯ ಸಸಿ, ಎಲ್ಲ ಬೆಂದು ಮಲಗಿದ್ದವು. ಆ ರಾತ್ರಿ ಅಪ್ಪನಿಗೆ ಫೋನು ಮಾಡಿದೆ. ಅವರು ಕೇಳಿದ ಮೊದಲ ಮಾತು, “ಬೆಳಗ್ಗೆ ಎಷ್ಟು ಹೊತ್ತಿಗೆ ತೆರೆಯುತ್ತೀಯಮ್ಮ?” ಊರಿನಲ್ಲಿ ಮೆಣಸಿನಕಾಯಿಯ ಒಟ್ಟಲಿಗೆ, ಅಂದರೆ ಸಸಿ ಬೆಳೆಸುವ ಮಡಿಗೆ, ಅವರು ಒಣಹುಲ್ಲು ಹೊದಿಸುತ್ತಿದ್ದರು. ಮೊಳಕೆ ಕಂಡ ದಿನವೇ, ಅದೂ ಬಿಸಿಲಿಳಿದ ಮೇಲೆ, ಹುಲ್ಲು ತೆಗೆಯಬೇಕು. ಒಂದು ದಿನ ತಡವಾದರೂ ಸಸಿ ಬಿಳಿಚಿ ನೀಳವಾಗಿ ಬೀಳುತ್ತಿತ್ತು. ಅಲ್ಲಿ ಹೊದಿಕೆ ಬಿಸಿಲು ತಡೆಯಲು, ಇಲ್ಲಿ ಬಿಸಿಲು ಹಿಡಿದಿಡಲು. ಆದರೂ ಅವರ ಪ್ರಶ್ನೆ ನನ್ನ ಪೆಟ್ಟಿಗೆಗೆ ಸರಿಯಾಗಿ ತಾಗಿತು.

ಈಗ ಹೊರಗೆ ಐದು ಡಿಗ್ರಿ ದಾಟಿ ಬಿಸಿಲಿದ್ದರೆ ಕಚ್ಚು ಕೊಯ್ದ ಕೋಲು ಕೊಟ್ಟು ಗೇಣಗಲ ತೆರೆಯುತ್ತೇನೆ, ಮೂರರೊಳಗೆ ಮುಚ್ಚುತ್ತೇನೆ. ಅಷ್ಟರಲ್ಲಿ ಸೇರಿದ ಬಿಸಿ ರಾತ್ರಿಗೆ ಉಳಿಯಬೇಕು. ಕೆಲಸದ ದಿನಗಳಿಗೆ ಮೇಣ ತುಂಬಿದ ಕೊಳವೆಯೊಂದನ್ನು ಕೀಲಿನ ಬಳಿ ಕೂರಿಸಿದ್ದೇನೆ. ಬಿಸಿಗೆ ಮೇಣ ಹಿಗ್ಗಿ ದಂಡವನ್ನು ತಳ್ಳುತ್ತದೆ, ಮುಚ್ಚಳ ಏಳುತ್ತದೆ. ತಣ್ಣಗಾದರೆ ತಾನೇ ಇಳಿಯುತ್ತದೆ. ಈ ಪೆಟ್ಟಿಗೆಗೆ ನಾನು ಮಾಡಿದ ಖರ್ಚಿನಲ್ಲಿ ಅತ್ಯಂತ ಸಾರ್ಥಕವಾದದ್ದು ಅದು.

ಸಬ್ಬಸಿಗೆಗೆ ಯಾಕಿಷ್ಟು ಪಾಡು ಎಂದು ನಮ್ಮವರೇ ಕೇಳುತ್ತಾರೆ. ಇಲ್ಲಿಯ ಅಂಗಡಿಯಲ್ಲಿ ಅದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕಾರು ಎಳೆಯಾಗಿ ಬರುತ್ತದೆ, ಮೀನಿನ ಮೇಲೆ ಉದುರಿಸಲು. ಅಕ್ಕಿ ರೊಟ್ಟಿಗೆ ಹಿಟ್ಟಿನಷ್ಟೇ ಸೊಪ್ಪು ಬೇಕು. ಕಟ್ಟುಗಟ್ಟಲೆ ಹೆಚ್ಚಿ, ಕೈಗೆಲ್ಲ ಆ ವಾಸನೆ ಹತ್ತಿದರೇ ಅದು ನಮ್ಮ ಮನೆಯ ರೊಟ್ಟಿ.

ಹತ್ತು ಗಂಟೆಯ ಬೆಳಕು ಕಳೆದ ವಾರ ಮರಳಿದೆ. ಇವತ್ತು ಕೊತ್ತಂಬರಿ ಕೊಯ್ದ ಜಾಗವನ್ನು ಕೆದಕಿ ಪಾಲಕ್ ಬೀಜ ಹಾಕಿದೆ. ಸಬ್ಬಸಿಗೆ ಯುಗಾದಿಯ ಹೊತ್ತಿಗೆ. ಬೀಜವನ್ನು ಡಬ್ಬಿಯಲ್ಲಿ ತೆಗೆದಿಟ್ಟು, ಮೇಲೆ ಮಗಳ ಕೈಯಲ್ಲಿ ಹೆಸರು ಬರೆಸಿದ್ದೇನೆ.