ಅಕ್ಟೋಬರ್ 13ರ ಬಗ್ಗೆ

ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ತುಂಬ ಗುಲಾಬಿ ರಿಬ್ಬನ್, ‘ಸ್ತನ ಕ್ಯಾನ್ಸರ್ ಬೇಗ ಪತ್ತೆ ಹಚ್ಚಿ’ ಎಂಬ ಫಲಕಗಳು. ಒಳ್ಳೆಯದೇ. ಆದರೆ ಸ್ತನ ಕ್ಯಾನ್ಸರ್ ಮೂಳೆಗೋ ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡಿದವರ ಮಾತನ್ನು ಯಾರೂ ಎತ್ತುವುದಿಲ್ಲ. ಅವರಿಗಾಗಿ ಇರುವ ದಿನ ಅಕ್ಟೋಬರ್ 13.

ಇಂದು ಲಾಲ್‌ಬಾಗ್ ಗೇಟಿನ ಬಳಿ ನಾವು ಕೆಲವರು ಅವರ ಪರವಾಗಿ ಮನವಿ ಪತ್ರಕ್ಕೆ ಸಹಿ ಸಂಗ್ರಹಿಸಿದೆವು. ಚಿಕಿತ್ಸೆಯಲ್ಲಿರುವ ನಮ್ಮ ಅತ್ತಿಗೆಯೂ ಬಂದಿದ್ದರು. ಕೀಮೋದಿಂದ ಬೆರಳ ತುದಿಗಳು ಜೋಮು ಹಿಡಿದಿವೆ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದೇ ಮೊದಲ ಸಹಿ ಹಾಕಿದರು. “ಪೂರ್ತಿ ವಾಸಿಯಾಗುತ್ತದೇನಮ್ಮಾ?” ಎಂದು ಹೂ ಮಾರುವ ಅಜ್ಜಿ ಕೇಳಿದರು. “ಇಲ್ಲ ಅಜ್ಜಿ. ಸರಿಯಾದ ಔಷಧ ಸಿಕ್ಕರೆ ಹಲವರು ವರ್ಷಗಟ್ಟಲೆ ಬದುಕುತ್ತಾರೆ” ಎಂದರು ಅತ್ತಿಗೆ.

ಸಿಗುವುದೇ ಕಷ್ಟ. ಕೆಲವು ಬಗೆಯ ಹರಡಿದ ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಔಷಧದ ಆಮದು ಸುಂಕವನ್ನು ಕೇಂದ್ರ ಸರ್ಕಾರ 2024ರಲ್ಲಿ ತೆಗೆದುಹಾಕಿತು. ಬೆಲೆ ಈಗಲೂ ಮಧ್ಯಮ ವರ್ಗದ ಕೈಗೆ ಎಟುಕದು. ಆಯುಷ್ಮಾನ್ ಕಾರ್ಡಿನ 5 ಲಕ್ಷ ರೂಪಾಯಿ ಇಡೀ ಕುಟುಂಬಕ್ಕೆ, ಇಡೀ ವರ್ಷಕ್ಕೆ. ಇನ್ನು ರೋಗಿಗಳ ಮಾಹಿತಿ ದಾಖಲಿಸುವ ಕ್ಯಾನ್ಸರ್ ನೋಂದಣಿಗಳು ಲೆಕ್ಕವಿಡುವುದು ಮೊದಲ ಪತ್ತೆಯನ್ನು; ವರ್ಷಗಳ ನಂತರ ಮರುಕಳಿಸಿ ಹರಡಿದ್ದನ್ನು ಸಾಮಾನ್ಯವಾಗಿ ಅಲ್ಲ. ಎಣಿಕೆಗೇ ಬಾರದವರಿಗೆ ಬಜೆಟ್ಟಿನಲ್ಲಿ ಹಣ ತೆಗೆದಿಡುವವರು ಯಾರು?

ಮುಂದಿನ ವಾರ ಮನವಿಯನ್ನು ಆರೋಗ್ಯ ಇಲಾಖೆಗೆ ಸಲ್ಲಿಸುತ್ತೇವೆ. ಸಹಿ ಹಾಕುವವರು ದಯವಿಟ್ಟು ತಿಳಿಸಿ, ಹಾಳೆಯನ್ನು ನಿಮ್ಮ ಮನೆಗೇ ತರುತ್ತೇನೆ.